ಉಪ್ಪಿನ ಗಡಿಗೆ ಮತ್ತು ಬೆವರು: ಘಟಪ್ರಭಾ ದಂಡೆಯ ಬೇಸಿಗೆ ಆರ್ದ್ರತೆ ಕುರಿತು ಒಂದು ಟಿಪ್ಪಣಿ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮಾತಿನಲ್ಲಿ ಬೇಸಿಗೆಯ ಕಾವಿಗೆ ಒಂದೇ ಹೆಸರಿಲ್ಲ. ಒಲೆಯ ಬಾಯಿಗೆ ಮುಖ ಒಡ್ಡಿದಂತೆ ರಾಚಿದರೆ ಅದು ಝಳ. ಗಾಳಿ ನಿಂತು, ಅಂಗಿ ಬೆನ್ನಿಗೆ ಅಂಟಿಕೊಂಡರೆ ಧಗಿ, ಕುದಿ. ಬಳಕೆಯಲ್ಲಿ ಇವುಗಳ ಗಡಿ ಕಟ್ಟುನಿಟ್ಟಲ್ಲ, ನಿಜ. ಆದರೂ ‘ಭಾಳ ಕುದಿಯಾಕತ್ತೈತಿ, ಸಂಜೀಕ ಅಡ್ಡಮಳಿ ಬರ್ತೈತಿ’ ಎನ್ನುವವರು ಗಮನಿಸಿರುವುದು ಬಿಸಿಲನ್ನಲ್ಲ, ಗಾಳಿಯಲ್ಲಿರುವ ನೀರನ್ನು. ಈ ಟಿಪ್ಪಣಿ ಆ ನೀರಿನ ಲೆಕ್ಕದ ಬಗ್ಗೆ.

ಪತ್ರಿಕೆಯಲ್ಲಿ ಬರುವ ‘ಆರ್ದ್ರತೆ ಶೇ. 76’ ಎಂಬುದು ಗಾಳಿಯಲ್ಲಿ ಎಷ್ಟು ನೀರಿದೆ ಎಂದು ಹೇಳುವುದಿಲ್ಲ. ಆ ಹೊತ್ತಿನ ಉಷ್ಣಾಂಶದಲ್ಲಿ ಎಷ್ಟು ಆವಿ ಇರಬಹುದಿತ್ತೋ ಅದರಲ್ಲಿ ಎಷ್ಟು ಪಾಲು ಇದೆ ಎಂದಷ್ಟೇ ಹೇಳುತ್ತದೆ. ಲೆಕ್ಕ ಹಾಕಿ ನೋಡೋಣ. ಬೆಳಗಿನ ಜಾವ 21 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ. 76 ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 14 ಗ್ರಾಂ ಆವಿ ಇರುತ್ತದೆ. ಮಧ್ಯಾಹ್ನ 38 ಡಿಗ್ರಿ, ಶೇ. 30 ಇದ್ದರೂ ಅದೇ 14 ಗ್ರಾಂ. ಅಂಕಿ ಅರ್ಧಕ್ಕಿಂತ ಕೆಳಗಿಳಿದಿದೆ, ನೀರು ಇದ್ದಷ್ಟೇ ಇದೆ.

ಅಡುಗೆಮನೆಯ ಉಪ್ಪು ಈ ಶೇಕಡಾವಾರನ್ನು ಬಲ್ಲದು. ಶುದ್ಧ ಉಪ್ಪು ಸುಮಾರು ಶೇ. 75 ದಾಟಿದ ಮೇಲೆ ಗಾಳಿಯ ತೇವ ಎಳೆದುಕೊಂಡು ಕರಗತೊಡಗುತ್ತದೆ. ಗಡಿಗೆಯ ಹರಳುಪ್ಪು ಅದಕ್ಕೂ ಮುಂಚೆ ಒದ್ದೆಯಾಗುತ್ತದೆ. ಬೆಲ್ಲವೂ ಹಾಗೆಯೇ. ಕಬ್ಬಿನ ಈ ಸೀಮೆಯಲ್ಲಿ, ಕರದಂಟಿನ ಊರಿನಲ್ಲಿ, ಬೆಲ್ಲದ ಪೆಂಟೆ ಜಿನುಗುವುದನ್ನು ನೋಡದವರು ಕಡಿಮೆ. ಗೋಕಾಕ ಜಲಪಾತದ ಪಕ್ಕದಲ್ಲಿ 1880ರ ದಶಕದಲ್ಲಿ ಶುರುವಾದ ನೂಲಿನ ಗಿರಣಿಗೂ ಇದು ಸಲ್ಲುವ ಮಾತು. ಒಣ ಗಾಳಿಯಲ್ಲಿ ಹತ್ತಿಯ ಎಳೆ ಕಡಿಯುತ್ತದೆ. ಅದಕ್ಕೇ ನೂಲುವ ಗಿರಣಿಗಳ ಒಳಗೆ ತೇವವನ್ನು ಬೇಕೆಂದೇ ಕಾಯ್ದುಕೊಳ್ಳುತ್ತಾರೆ.

ಮೈಯ ಲೆಕ್ಕವೇ ಬೇರೆ. ಸುಮಾರು 35 ಡಿಗ್ರಿಯ ಒದ್ದೆ ಚರ್ಮಕ್ಕೆ ತಾಗಿದ ಗಾಳಿಯಲ್ಲಿ ಘನ ಮೀಟರಿಗೆ ಹತ್ತಿರಹತ್ತಿರ 40 ಗ್ರಾಂ ಆವಿ. ಸುತ್ತಲಿನ ಗಾಳಿಯಲ್ಲಿ 14 ಗ್ರಾಂ ಇದ್ದರೆ ಅಂತರ 26. ಬೆವರು ಬೇಗ ಆರುತ್ತದೆ. ಈಗ 34 ಡಿಗ್ರಿ, ಶೇ. 53 ಇರುವ ದಿನ ತೆಗೆದುಕೊಳ್ಳಿ. ಗಾಳಿಯಲ್ಲಿ 20 ಗ್ರಾಂ, ಅಂತರ 20ಕ್ಕೆ ಇಳಿಯಿತು. ಉಷ್ಣಾಂಶ 4 ಡಿಗ್ರಿ ಕಡಿಮೆ, ಬೆವರು ಆರುವುದು ಮಾತ್ರ ಹೆಚ್ಚುಕಡಿಮೆ ಕಾಲುಭಾಗ ನಿಧಾನ. ಅದರ ಮೇಲೆ ಗಾಳಿಯೂ ನಿಂತರೆ ಮೈಸುತ್ತಲಿನ ಆವಿ ಅಲ್ಲೇ ಉಳಿಯುತ್ತದೆ. ಧಗಿ ಎಂದರೆ ಇದೇ ಎಂದು ನನ್ನ ಅಭಿಪ್ರಾಯ. ಇದನ್ನು ನೇರವಾಗಿ ತೋರಿಸುವ ಅಳತೆ ಇಬ್ಬನಿ ಬಿಂದು, ಅಂದರೆ ಗಾಳಿಯನ್ನು ಎಷ್ಟು ಡಿಗ್ರಿಗೆ ತಣಿಸಿದರೆ ಹನಿಗಟ್ಟುತ್ತದೆ ಎಂಬುದು. ಮೊದಲ ದಿನ ಅದು ಸುಮಾರು 17 ಡಿಗ್ರಿ, ಎರಡನೆಯ ದಿನ 23.

ಕಾಲುವೆ ನೀರಾವರಿಯ ಕಬ್ಬಿನ ಗದ್ದೆಗಳು ಗಾಳಿಗೆ ತಮ್ಮ ಪಾಲಿನ ತೇವ ಸೇರಿಸುತ್ತವೆ. ಆದರೆ ಬಿರುಮಳೆಗೆ ಬೇಕಾದ ಆವಿ ಬಹುಪಾಲು ಅರಬ್ಬಿ ಸಮುದ್ರದ್ದು. ಏಪ್ರಿಲ್, ಮೇ ತಿಂಗಳಲ್ಲಿ ಪಡುವಣ ಗಾಳಿ ಘಟ್ಟ ಹತ್ತಿ ಬಂದು ಒಳನಾಡಿನ ಒಣ ಗಾಳಿಯನ್ನು ಸಂಧಿಸುತ್ತದೆ. ಕಾದ ನೆಲ ಅದನ್ನು ಮೇಲಕ್ಕೆ ತಳ್ಳುತ್ತದೆ. ಒಂದು ಕಿಲೋ ಆವಿ ಹನಿಯಾಗುವಾಗ ಬಿಡುವ ಶಾಖ ಸುಮಾರು 25 ಲಕ್ಷ ಜೂಲ್. ಮೋಡವನ್ನು ಮತ್ತೂ ಮೇಲಕ್ಕೆ ಎತ್ತುವುದು ಆ ಶಾಖವೇ. ಇನ್ನು ಮಳೆಗೆ ಮುಂಚೆ ನುಗ್ಗುವ ತಣ್ಣನೆಯ ಧೂಳುಗಾಳಿ. ಮೋಡದ ಕೆಳಗಿನ ಒಣ ಪದರದಲ್ಲಿ ಹನಿಗಳು ಅರ್ಧದಾರಿಯಲ್ಲೇ ಆವಿಯಾಗಿ ಗಾಳಿಯನ್ನು ತಣಿಸುತ್ತವೆ. ಭಾರವಾದ ಆ ಗಾಳಿ ಧೊಪ್ಪನೆ ಕುಸಿದು ನೆಲದ ಮೇಲೆ ಹರಡುತ್ತದೆ. ಪತ್ರಾಸ ಹಾರುವುದು, ಬಾಳೆ ಮುರಿಯುವುದು, ಬಣವಿ ಚೆದುರುವುದು ಬಹುಮಟ್ಟಿಗೆ ಈ ಗಾಳಿಗೆ. ಮಳೆ ನಿಂತ ಮರುದಿನ ಬಿಸಿಲು ಬಿದ್ದರೆ ನೆನೆದ ನೆಲವೂ ಆವಿ ಬಿಡುತ್ತದೆ. ‘ಮಳಿ ಬಂದ್ರೂ ಧಗಿ ಹೋಗ್ಲಿಲ್ಲ’ ಎಂಬ ದೂರಿಗೆ ಕಾರಣ ಅದು.

ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಮಳೆಗಳ ಕಾಲ ಇದು. ಮೃಗಶಿರಾ ಕಳೆದು ಜೂನ್ ಕೊನೆಯ ಭಾಗದಲ್ಲಿ ಬರುವ ‘ಆರಿದ್ರಾ’ ಮಳೆಯ ಹೆಸರಿಗೂ ‘ಆರ್ದ್ರತೆ’ಗೂ ಮೂಲ ಒಂದೇ, ಆರ್ದ್ರ ಎಂದರೆ ಒದ್ದೆ.

ಭಾರತೀಯ ಹವಾಮಾನ ಇಲಾಖೆ ಆರ್ದ್ರತೆಯನ್ನು ಬೆಳಿಗ್ಗೆ 8.30ಕ್ಕೂ ಸಂಜೆ 5.30ಕ್ಕೂ ದಾಖಲಿಸುತ್ತದೆ. ಅಳೆದ ಗಂಟೆಯನ್ನು ಬಿಟ್ಟು ಮುದ್ರಿಸಿದ ಶೇಕಡಾ ಅಂಕಿಯಿಂದ ಗದ್ದೆಯಲ್ಲಿ ದುಡಿಯುವವರಿಗೆ ಏನೂ ತಿಳಿಯದು. ಪತ್ರಿಕೆಗಳು ಗಂಟೆಯನ್ನೂ ಇಬ್ಬನಿ ಬಿಂದುವನ್ನೂ ಜೊತೆಗೆ ಕೊಡಲಿ. ಈ ಮೂರು ತಾಲ್ಲೂಕುಗಳ ಶಾಲಾ ಶಿಕ್ಷಕರಲ್ಲಿ ನನ್ನದೊಂದು ವಿನಂತಿ: ಎರಡು ಥರ್ಮಾಮೀಟರು ತೂಗುಹಾಕಿ, ಒಂದರ ಬುರುಡೆಗೆ ಒದ್ದೆ ಅರಿವೆ ಸುತ್ತಿ. ಎರಡರ ನಡುವಿನ ಅಂತರವನ್ನು ದಿನವೂ ಮಧ್ಯಾಹ್ನ 3 ಗಂಟೆಗೆ ಮಕ್ಕಳಿಂದ ಬರೆಸಿ, ಮಳೆ ಬಂದ ದಿನಕ್ಕೆ ಗುರುತು ಹಾಕಿಸಿ.