ಏಳು ಗರಗಸ, ಒಂದು ‘ಸಾ’

ನಾಗಪುರದ ಪ್ರತಾಪ ನಗರದಲ್ಲಿರುವ ನಮ್ಮ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಣಪತಿ ಬಿಡುವ ದಿನ ಧುಮಾಳ್ ತಂಡದ ಗಾಡಿ ಬೀದಿಗೆ ಬಂತೆಂದರೆ, ಬಡಿತದ ಅಬ್ಬರದ ಮೇಲೆ ಕೀಬೋರ್ಡಿನ ದನಿಯೊಂದು ಚೂಪಾಗಿ ಏರುತ್ತದೆ, ಕಿಟಕಿ ಗಾಜು ನಡುಗುತ್ತದೆ. ಟ್ರಾನ್ಸ್ ಸಂಗೀತದ ‘ಲೀಡ್’ ಅನ್ನುತ್ತಾರಲ್ಲ, ಅದು ಈ ದನಿಯ ಸಿರಿವಂತ ದಾಯಾದಿ. ಅದು ಹುಟ್ಟಿದ್ದು ಹೇಗೆ, ಮತ್ತೆ ಕಟ್ಟುವುದು ಹೇಗೆ ಗೊತ್ತೇ?

1996ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಜೆಪಿ-8000 ಎಂಬ ಸಿಂಥಸೈಜರ್ ತಂದಿತು. ಅದರಲ್ಲಿ ‘ಸೂಪರ್ ಸಾ’ ಎಂಬ ಹೊಸ ಅಲೆ. (ಈ ‘ಸಾ’ ನಮ್ಮ ಷಡ್ಜವಲ್ಲ, ಗರಗಸ! ಅಲೆಯ ಚಿತ್ರ ಗರಗಸದ ಹಲ್ಲಿನಂತೆ ಕಾಣುತ್ತದೆ.) ಅಂಥ ಏಳು ಅಲೆಗಳು ಒಟ್ಟಿಗೆ ನುಡಿಯುತ್ತವೆ. ನಡುವಿನದು ಸರಿಯಾದ ಶ್ರುತಿಯಲ್ಲಿ, ಮೂರು ಕೊಂಚ ಮೇಲೆ, ಮೂರು ಕೊಂಚ ಕೆಳಗೆ. 440 ಹರ್ಟ್ಸ್ ಸ್ವರದೊಡನೆ 442 ಹರ್ಟ್ಸ್ ಸೇರಿದರೆ ಸೆಕೆಂಡಿಗೆ ಎರಡು ಸಲ ದನಿ ಉಬ್ಬಿ ಇಳಿಯುತ್ತದೆ. ಏಳು ಸೇರಿದಾಗ ಆ ಉಬ್ಬರವಿಳಿತ ಲೆಕ್ಕಕ್ಕೇ ಸಿಗದೆ ದನಿ ಮಿನುಗತೊಡಗುತ್ತದೆ. ತಂಬೂರಿ ಹಿಡಿದವರಿಗೆ ಇದರ ಗುಟ್ಟು ಗೊತ್ತು. ಎರಡು ಸಾರಣೆ ತಂತಿಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ದನಿ ಅಲುಗುತ್ತದೆ. ನಾವು ಅದನ್ನು ಸರಿಪಡಿಸಲು ಬಿರಡೆ ತಿರುಗಿಸುತ್ತೇವೆ, ಟ್ರಾನ್ಸ್‌ನವರು ಅದೇ ಬೇಕು ಅಂದರು. 1999ರಲ್ಲಿ ಫೆರಿ ಕಾರ್ಸ್ಟನ್ ‘ಸಿಸ್ಟಮ್ ಎಫ್’ ಹೆಸರಿನಲ್ಲಿ ತಂದ ‘ಔಟ್ ಆಫ್ ದ ಬ್ಲೂ’ ಕೇಳಿ, ತಿಳಿಯುತ್ತದೆ.

ಹಾಗಾದರೆ ಏಳು ಅಲೆ ಪೇರಿಸಿದರೆ ಮುಗಿಯಿತೇ? ಇಲ್ಲ. 2010ರಲ್ಲಿ ಸ್ಟಾಕ್‌ಹೋಮಿನ ಕೆಟಿಎಚ್ ಸಂಸ್ಥೆಯ ವಿದ್ಯಾರ್ಥಿ ಆಡಮ್ ಸಾಬೊ ಈ ದನಿಯನ್ನೇ ಅಳೆದು ಪ್ರಬಂಧ ಬರೆದರು. ಏಳು ಅಲೆಗಳ ನಡುವಿನ ಅಂತರ ಸಮನಾಗಿಲ್ಲ. ಡಿಟ್ಯೂನ್ ಗುಂಡಿ ಬಹುದೂರದವರೆಗೆ ಮೆಲ್ಲಗೆ ಹಬ್ಬಿಸಿ, ಕೊನೆಯಲ್ಲಿ ಒಮ್ಮೆಲೇ ಅಗಲಿಸುತ್ತದೆ. ಪ್ರತಿ ಸಲ ಕೀಲಿ ಒತ್ತಿದಾಗಲೂ ಅಲೆಗಳು ಬೇರೆ ಬೇರೆ ಹಂತದಿಂದ ಹೊರಡುತ್ತವೆ, ಹಾಗಾಗಿ ಒಂದೇ ಸ್ವರ ಎರಡು ಸಲ ಒಂದೇ ಥರ ಕೇಳುವುದಿಲ್ಲ. ಮೂಲಸ್ವರದ ಕೆಳಗಿನ ಗದ್ದಲವನ್ನು ಫಿಲ್ಟರ್ ಸೋಸಿಬಿಡುತ್ತದೆ. ಇಷ್ಟಾದ ಮೇಲೆ ಪ್ರತಿಧ್ವನಿ ಬೆರೆಸಬೇಕು. ಜೆಪಿ-8000 ಇಲ್ಲದವರು ಹಳೆಯ ಜೂಪಿಟರ್-8ರಲ್ಲಿ ‘ಯೂನಿಸನ್’ ಒತ್ತಿದರೂ ಸಾಕು. ಎಂಟು ದನಿಗಳ ಹದಿನಾರು ಆಸಿಲೇಟರ್‌ಗಳು ಒಂದೇ ಕೀಲಿಗೆ ಬರುತ್ತವೆ. ಅನಲಾಗ್ ಯಂತ್ರವಾದ್ದರಿಂದ ಅವು ತಾವಾಗಿಯೇ ಸ್ವಲ್ಪ ಅತ್ತಿತ್ತ ಸರಿಯುತ್ತವೆ.

ಅಂದ ಹಾಗೆ, ಈ ಜೂಪಿಟರ್-8 ನಮ್ಮ ದೇಶದಲ್ಲೊಂದು ವಿಚಿತ್ರ ಕೆಲಸ ಮಾಡಿದೆ. ಮುಂಬೈಯ ಚರಣ್‌ಜಿತ್ ಸಿಂಗ್ ಹಿಂದಿ ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ಜೂಪಿಟರ್-8, ಟಿಬಿ-303, ಟಿಆರ್-808 ಈ ಮೂರನ್ನು ಜೋಡಿಸಿಕೊಂಡು ಡಿಸ್ಕೋ ಲಯಕ್ಕೆ ಹತ್ತು ರಾಗ ನುಡಿಸಿ ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂಬ ರೆಕಾರ್ಡು ಮಾಡಿದರು. ಭೈರವ್, ಭೂಪಾಲಿ, ಯಮನ್, ಮಾಲ್ಕೌನ್ಸ್... ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮಾಯಾಮಾಳವಗೌಳ, ಮೋಹನ, ಕಲ್ಯಾಣಿ, ಹಿಂದೋಳಗಳ ನೆಂಟರು. 303ರ ‘ಸ್ಲೈಡ್’ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುತ್ತದೆ. ಗಮಕದ ‘ಜಾರು’ ಬಲ್ಲವರಿಗೆ ಆ ಯಂತ್ರದಲ್ಲಿ ಏನು ಕಂಡಿರಬೇಕೆಂದು ಊಹಿಸಿ.

ರೆಕಾರ್ಡನ್ನು ಯಾರೂ ಕೊಳ್ಳಲಿಲ್ಲ. ಐದು ವರ್ಷದ ನಂತರ, 1987ರಲ್ಲಿ, ಶಿಕಾಗೋದ ‘ಫ್ಯೂಚರ್’ ತಂಡ ಅದೇ 303 ಹಿಡಿದು ‘ಆಸಿಡ್ ಟ್ರ್ಯಾಕ್ಸ್’ ಮಾಡಿತು, ಅದರಿಂದ ಆಸಿಡ್ ಹೌಸ್ ಹೆಸರಾಯಿತು. ಮುಂದೆ 90ರ ದಶಕದಲ್ಲಿ ನಮ್ಮ ಕಾರವಾರದ ಪಕ್ಕದ ಗೋವಾ ಕಡಲತೀರದಲ್ಲೇ ಒಂದು ಬಗೆಯ ಟ್ರಾನ್ಸ್ ಬೆಳೆಯಿತು. ಸಿಂಗ್ ಮಾತ್ರ ಯಾರಿಗೂ ನೆನಪಿರಲಿಲ್ಲ. 2002ರಲ್ಲಿ ಎಡೋ ಬೌಮನ್ ಎಂಬ ಡಚ್ ಸಂಗ್ರಹಕಾರರಿಗೆ ದಿಲ್ಲಿಯಲ್ಲಿ ಆ ರೆಕಾರ್ಡು ಸಿಕ್ಕಿತು, 2010ರಲ್ಲಿ ಮತ್ತೆ ಹೊರಬಂತು. ಕೇಳಿದ ಕೆಲವರು ಇದು ಯಾರೋ ಈಚೆಗೆ ಮಾಡಿದ ತಮಾಷೆ ಅಂದುಕೊಂಡರು!

ಆಸಿಡ್ ಹೌಸ್ ಹುಟ್ಟಿಸಿದವರೇ ಸಿಂಗ್ ಎನ್ನುವುದು ಅತಿಯಾಯಿತು. ಶಿಕಾಗೋದವರು ಅವರನ್ನು ಕೇಳಿಯೇ ಇರಲಿಲ್ಲ. ಅವರ ಹೆಚ್ಚುಗಾರಿಕೆ ಬೇರೆ: ಅವರು ಯಂತ್ರವನ್ನು ರಾಗಕ್ಕೆ ಬಗ್ಗಿಸಲು ಹೊರಟಿದ್ದರು. ಆ ಹಳೆಯ ರಾಗಗಳನ್ನು ಅಂಥವೇ ಯಂತ್ರಗಳಲ್ಲಿ ಮತ್ತೆ ನುಡಿಸಲು, ಎಪ್ಪತ್ತು ದಾಟಿದ ಮೇಲೆ ಯುರೋಪಿನ ವೇದಿಕೆಗಳನ್ನೂ ಹತ್ತಿದರು. 2015ರಲ್ಲಿ ತೀರಿಕೊಂಡರು.

ಕೇಳುವ ಮನಸ್ಸಿದ್ದರೆ ಮಾಲ್ಕೌನ್ಸಿನಿಂದ ಶುರುಮಾಡಿ. ಪಕ್ಕದಲ್ಲಿ ಹಿಂದೋಳ ಹಾಡುವ ಅಜ್ಜಿಯೋ ಅತ್ತೆಯೋ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ.