ಲ್ಯುಕೇಮಿಯಾ ಮತ್ತು ಇತರ ರಕ್ತ ಕ್ಯಾನ್ಸರ್‌ಗಳ ಚಿಕಿತ್ಸಾ ಸಂಶೋಧನೆ

ಅಸ್ಥಿಮಜ್ಜೆಯಲ್ಲಿ ಹುಟ್ಟುವ ಅಥವಾ ದುಗ್ಧಗ್ರಂಥಿಗಳಲ್ಲಿ ಬಲಿಯುವ ರಕ್ತಕೋಶವೊಂದರ ಜೀನ್ ಕೆಟ್ಟು, ಅದರ ಸಂತತಿ ಹತೋಟಿ ಮೀರಿ ಬೆಳೆಯುವುದರಿಂದ ಬರುವ ರೋಗಗಳನ್ನು ಒಟ್ಟಾಗಿ ರಕ್ತ ಕ್ಯಾನ್ಸರ್ ಎನ್ನುತ್ತಾರೆ. ಲ್ಯುಕೇಮಿಯಾ, ಲಿಂಫೋಮಾ ಮತ್ತು ಮಲ್ಟಿಪಲ್ ಮೈಲೋಮಾ ಇವುಗಳಲ್ಲಿ ಮುಖ್ಯವಾದವು. ಲ್ಯುಕೇಮಿಯಾದಲ್ಲಿ ವಾರಗಳಲ್ಲೇ ಉಲ್ಬಣಿಸುವ ತೀವ್ರ ಬಗೆ, ವರ್ಷಗಟ್ಟಲೆ ನಿಧಾನವಾಗಿ ಸಾಗುವ ದೀರ್ಘಕಾಲಿಕ ಬಗೆ ಎಂದು ಎರಡು ಉಂಟು. ಕೆಟ್ಟ ಕೋಶ ಯಾವ ವಂಶದ್ದು ಎಂಬುದರ ಮೇಲೆ ಲಿಂಫಾಯ್ಡ್, ಮೈಲಾಯ್ಡ್ ಎಂದು ಮತ್ತೆ ವಿಂಗಡಿಸುತ್ತಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ತೀವ್ರ ಲಿಂಫಾಯ್ಡ್ ಲ್ಯುಕೇಮಿಯಾ.

1845ರಲ್ಲಿ ಬರ್ಲಿನ್ನಿನ ರುಡಾಲ್ಫ್ ವಿರ್ಖೋ ಮತ್ತು ಎಡಿನ್‌ಬರಾದ ಜಾನ್ ಹ್ಯೂಸ್ ಬೆನೆಟ್ ಈ ರೋಗವನ್ನು ಬೇರೆಬೇರೆಯಾಗಿ ವರ್ಣಿಸಿದರು. ಅದಾದ ನೂರು ವರ್ಷ ಹೇಳಿಕೊಳ್ಳುವಂಥ ಮದ್ದೇನೂ ಸಿಗಲಿಲ್ಲ. ಆಮೇಲಿನ ಎಂಟು ದಶಕಗಳಲ್ಲಿ ಕ್ಯಾನ್ಸರ್ ವೈದ್ಯಶಾಸ್ತ್ರ ಕಲಿತ ದೊಡ್ಡ ಪಾಠಗಳಲ್ಲಿ ಹಲವು ಮೊದಲು ರಕ್ತ ಕ್ಯಾನ್ಸರ್‌ನಲ್ಲೇ ದಕ್ಕಿದವು: ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಕೀಮೋಥೆರಪಿ, ನಿರ್ದಿಷ್ಟ ಜೀನ್ ದೋಷಕ್ಕೆ ಗುರಿಯಿಟ್ಟ ಮಾತ್ರೆ, ರೋಗಿಯ ಸ್ವಂತ ರೋಗನಿರೋಧಕ ಕೋಶಗಳನ್ನೇ ಔಷಧವಾಗಿಸುವ ವಿಧಾನ. ಇದಕ್ಕೆ ಕಾರಣ ತೀರ ಸರಳ. ಹೊಟ್ಟೆಯೊಳಗಿನ ಗಡ್ಡೆಯನ್ನು ವಾರಕ್ಕೊಮ್ಮೆ ಕತ್ತರಿಸಿ ನೋಡಲಾಗದು. ರಕ್ತವನ್ನಾದರೆ ದಿನವೂ ಸೂಜಿಯಲ್ಲಿ ತೆಗೆದು, ಗಾಜಿನ ಪಟ್ಟಿಗೆ ಸವರಿ, ಕೆಟ್ಟ ಕೋಶಗಳನ್ನು ಎಣಿಸಬಹುದು. ಮದ್ದು ನಾಟಿತೋ ಇಲ್ಲವೋ ಎಂಬುದು ಕೆಲವೇ ದಿನಗಳಲ್ಲಿ ತಿಳಿಯುತ್ತದೆ.

ಫೋಲಿಕ್ ಆಮ್ಲದಿಂದ ಕೀಮೋಥೆರಪಿಗೆ

ಈ ಕಥೆಯ ಒಂದು ಎಳೆ ಮುಂಬಯಿಯಿಂದ ಹೊರಡುತ್ತದೆ. 1928ರಲ್ಲಿ ಅಲ್ಲಿಗೆ ಬಂದ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್, ಬಟ್ಟೆಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ಒಂದು ಬಗೆಯ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ಗುರುತಿಸಿದರು. ಆ ಸಾರದಲ್ಲಿದ್ದ ಅಂಶವೇ ಮುಂದೆ ಫೋಲಿಕ್ ಆಮ್ಲವೆಂದು ಗೊತ್ತಾಯಿತು. ರಕ್ತ ಹುಟ್ಟಲು ಇದು ಬೇಕೆಂದ ಮೇಲೆ, ರಕ್ತ ಕೆಟ್ಟ ಮಕ್ಕಳಿಗೂ ಇದರಿಂದ ಒಳಿತಾಗಬಹುದೆಂದು ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯ ರೋಗಶಾಸ್ತ್ರಜ್ಞ ಸಿಡ್ನಿ ಫಾರ್ಬರ್ ಎಣಿಸಿದರು. ಆದದ್ದು ತದ್ವಿರುದ್ಧ. ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಕೊಟ್ಟ ಮಕ್ಕಳ ಮಜ್ಜೆಯಲ್ಲಿ ಲ್ಯುಕೇಮಿಯಾ ಇನ್ನಷ್ಟು ಚುರುಕಾಯಿತು.

ಫಾರ್ಬರ್ ಅಲ್ಲಿಗೇ ಬಿಟ್ಟಿದ್ದರೆ ಅದೊಂದು ದುರಂತವಷ್ಟೇ ಆಗಿ ಉಳಿಯುತ್ತಿತ್ತು. ಈ ಆಮ್ಲ ರೋಗಕ್ಕೆ ಮೇವಾಗುವುದಾದರೆ, ಮೇವನ್ನು ತಪ್ಪಿಸಿ ನೋಡಬೇಕೆಂದು ಅವರು ಹೊರಟರು. ಅದಕ್ಕೆ ಬೇಕಾದ ವಸ್ತು ಬಂದದ್ದು ಲೆಡರ್ಲೆ ಪ್ರಯೋಗಾಲಯದಿಂದ. ಅಲ್ಲಿನ ಸಂಶೋಧನೆಯ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯಕೀಯ ಓದಿದ ಯಲ್ಲಾಪ್ರಗಡ ಸುಬ್ಬರಾವ್. ಅವರ ತಂಡ ಫೋಲಿಕ್ ಆಮ್ಲವನ್ನೂ, ಅದರಂತೆಯೇ ತೋರಿ ಕೋಶವನ್ನು ಮೋಸಗೊಳಿಸುವ ಅಮಿನೊಪ್ಟೆರಿನ್ ಎಂಬ ವಸ್ತುವನ್ನೂ ತಯಾರಿಸಿತ್ತು. 1948ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಂತೆ, ಇದನ್ನು ಪಡೆದ 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು. ಉಪಶಮನ ಕೆಲವೇ ತಿಂಗಳದ್ದು, ರೋಗ ಮರಳಿತು. ಆದರೂ ಲ್ಯುಕೇಮಿಯಾ ರಾಸಾಯನಿಕವೊಂದಕ್ಕೆ ಮಣಿದದ್ದು ಕಣ್ಣಿಗೆ ಕಂಡಿತ್ತು. ಸುಬ್ಬರಾವ್ ಅದೇ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡರು. ಅಮಿನೊಪ್ಟೆರಿನ್‌ನ ಸಮೀಪದ ಬಂಧು ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆಯ ಆಧಾರಗಳಲ್ಲೊಂದು. ಅದರ ಹಿಂದಿನ ಭಾರತೀಯನಿಗೆ ಸಲ್ಲಬೇಕಾದಷ್ಟು ಹೆಸರು ಸಂದಿಲ್ಲ.

1950ರ ದಶಕದಲ್ಲಿ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 6-ಮರ್ಕ್ಯಾಪ್ಟೊಪ್ಯೂರಿನ್ ತಂದರು. ಒಂದೊಂದೇ ಔಷಧ ಕೊಟ್ಟಾಗ ರೋಗ ಅದಕ್ಕೆ ಒಗ್ಗಿಕೊಂಡುಬಿಡುತ್ತಿತ್ತು. ಬೆಥೆಸ್ಡಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ 1960ರ ದಶಕದ ಆರಂಭದಲ್ಲಿ ನಾಲ್ಕು ಔಷಧಗಳನ್ನು ಒಟ್ಟಿಗೇ ಕೊಡಲು ಮುಂದಾದಾಗ ಸಹೋದ್ಯೋಗಿಗಳೇ ಅದನ್ನು ಕ್ರೌರ್ಯವೆಂದು ಕರೆದರು. ರಕ್ತಸ್ರಾವದಿಂದ ಸಾಯುತ್ತಿದ್ದ ಮಕ್ಕಳಿಗೆ ಪ್ಲೇಟ್‌ಲೆಟ್ ಕೊಟ್ಟು ಉಳಿಸಬಹುದೆಂದು ತೋರಿಸಿದವರಲ್ಲೂ ಫ್ರೈರೈಕ್ ಮುಂಚೂಣಿಯವರು. ಈ ಆಸರೆ ಇಲ್ಲದೆ ಅಷ್ಟು ಕಟುವಾದ ಕೀಮೋ ತಡೆದುಕೊಳ್ಳುವುದು ಸಾಧ್ಯವಿರಲಿಲ್ಲ.

ಉಳಿದಿದ್ದ ತೊಡಕು ಮಿದುಳು. ರಕ್ತದಲ್ಲಿ ರೋಗದ ಸುಳಿವೇ ಇಲ್ಲದ ಮಕ್ಕಳು ತಲೆನೋವು, ವಾಂತಿ ಎಂದು ಮರಳಿ ಬರುತ್ತಿದ್ದರು. ಔಷಧ ಸುಲಭವಾಗಿ ತಲುಪದ ಮಿದುಳುಪೊರೆಯಲ್ಲಿ ಕೆಟ್ಟ ಕೋಶಗಳು ಅವಿತಿರುತ್ತಿದ್ದವು. ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ತಲೆಗೆ ವಿಕಿರಣವನ್ನೂ, ಬೆನ್ನುಹುರಿಯ ದ್ರವಕ್ಕೆ ಮೆಥೊಟ್ರೆಕ್ಸೇಟನ್ನೂ ಸೇರಿಸಿದರು. 1960ರ ದಶಕದ ಕೊನೆಯ ಹೊತ್ತಿಗೆ ಅಲ್ಲಿನ ಸುಮಾರು ಅರ್ಧದಷ್ಟು ಮಕ್ಕಳು ಗುಣವಾಗತೊಡಗಿದರು. ಆದರೆ ತಲೆಗೆ ಕೊಟ್ಟ ವಿಕಿರಣ ಮಕ್ಕಳ ಕಲಿಕೆಗೂ ಬೆಳವಣಿಗೆಗೂ ಪೆಟ್ಟು ಕೊಟ್ಟಿತು. ಕೀಮೋವನ್ನು ಸರಿಯಾಗಿ ಹೊಂದಿಸಿದರೆ ವಿಕಿರಣ ಬೇಕಾಗದೆಂದು ಅದೇ ಆಸ್ಪತ್ರೆ 2009ರಲ್ಲಿ ತೋರಿಸಿತು. ಇಂದು ಶ್ರೀಮಂತ ದೇಶಗಳಲ್ಲಿ ಈ ರೋಗ ಬಂದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ಹತ್ತು ಸಾವಿರ ಕೋಶಗಳಲ್ಲಿ ಒಂದೇ ಕೆಟ್ಟದ್ದು ಉಳಿದಿದ್ದರೂ ಪತ್ತೆಹಚ್ಚುವ ಪರೀಕ್ಷೆಗಳಿವೆ. ಯಾರಿಗೆ ಮದ್ದು ಹೆಚ್ಚಿಸಬೇಕು, ಯಾರಿಗೆ ತಗ್ಗಿಸಬಹುದು ಎಂದು ನಿರ್ಧರಿಸಲು ಅವು ನೆರವಾಗುತ್ತವೆ.

ಗುರಿಯಿಟ್ಟ ಔಷಧಗಳು

1950ರ ದಶಕದಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಲ್ಯುಕೇಮಿಯಾ ಕೋಶಗಳ ಪಟ್ಟಿಗಳನ್ನು ನಲ್ಲಿನೀರಿನಲ್ಲಿ ತೊಳೆದರು. ಆ ನೀರಿಗೆ ಕೋಶಗಳು ಉಬ್ಬಿ, ಒಳಗಿನ ವರ್ಣತಂತುಗಳು ಬಿಡಿಬಿಡಿಯಾಗಿ ಕಾಣಿಸಿದವು. ಡೇವಿಡ್ ಹಂಗರ್‌ಫರ್ಡ್ ಜೊತೆ ಸೇರಿ ನೋಡಿದಾಗ, ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ರೋಗಿಗಳ ಕೋಶಗಳಲ್ಲಿ ಅಸಹಜವಾಗಿ ಗಿಡ್ಡಾದ ಒಂದು ವರ್ಣತಂತು ಪದೇಪದೇ ಎದುರಾಯಿತು; ಇದನ್ನು ಅವರು 1960ರಲ್ಲಿ ಪ್ರಕಟಿಸಿದರು. ಅದಕ್ಕೆ ಊರಿನ ಹೆಸರೇ ನಿಂತಿತು. ಷಿಕಾಗೋದ ಜ್ಯಾನೆಟ್ ರೌಲಿ ಛಾಯಾಚಿತ್ರಗಳಿಂದ ವರ್ಣತಂತುಗಳನ್ನು ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಜೋಡಿಸುತ್ತ, 9 ಮತ್ತು 22ನೆಯ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆಯೆಂದು 1973ರಲ್ಲಿ ಸಾಬೀತುಪಡಿಸಿದರು. ಈ ಅದಲುಬದಲಿನಿಂದ ಬಿಸಿಆರ್-ಎಬಿಎಲ್ ಎಂಬ ಬೆಸೆದ ಜೀನ್ ಹುಟ್ಟುತ್ತದೆ. ಅದು ಕೊಡುವ ಕಿಣ್ವ ಕೋಶಕ್ಕೆ ಬೆಳೆಯುವ ಆಜ್ಞೆಯನ್ನು ಬಿಡುವಿಲ್ಲದೆ ಹೊರಡಿಸುತ್ತಿರುತ್ತದೆ.

ಆ ಕಿಣ್ವವನ್ನು ತಡೆಯುವ ಅಣುವನ್ನು ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಕಂಪನಿಯಲ್ಲಿ ನಿಕೊಲಸ್ ಲೈಡನ್ ಮತ್ತು ಸಂಗಡಿಗರು ರೂಪಿಸಿದರು; ಪೋರ್ಟ್‌ಲೆಂಡ್‌ನ ವೈದ್ಯ ಬ್ರಯನ್ ಡ್ರೂಕರ್ ಅದನ್ನು ರೋಗಿಗಳವರೆಗೆ ತಂದರು. 1998ರಲ್ಲಿ ಶುರುವಾದ ಮೊದಲ ಪ್ರಯೋಗದಲ್ಲಿ ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ಮಂದಿಯಲ್ಲಿ 53 ಮಂದಿಯ ರಕ್ತದ ಎಣಿಕೆ ಸಹಜ ಸ್ಥಿತಿಗೆ ಬಂತು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಇಮಾಟಿನಿಬ್, ಕೆಲವೇ ವರ್ಷಗಳಲ್ಲಿ ಕೊಲ್ಲುತ್ತಿದ್ದ ರೋಗವನ್ನು ದಿನಕ್ಕೊಂದು ಮಾತ್ರೆಯಲ್ಲಿ ಹತೋಟಿಯಲ್ಲಿಡುವ ರೋಗವಾಗಿಸಿತು. ಕಿಣ್ವದ ಆಕಾರ ಬದಲಾಗಿ ಮಾತ್ರೆ ನಾಟದವರಿಗೆ ಡಸಾಟಿನಿಬ್, ನೈಲೋಟಿನಿಬ್, ಪೊನಾಟಿನಿಬ್ ಬಂದವು. ಚೆನ್ನಾಗಿ ಸ್ಪಂದಿಸಿದವರು ಮಾತ್ರೆಯನ್ನೇ ನಿಲ್ಲಿಸಬಹುದೇ ಎಂದು ಪರೀಕ್ಷಿಸಿದ ಫ್ರಾನ್ಸ್‌ನ ಅಧ್ಯಯನದಲ್ಲಿ ಸುಮಾರು ನೂರಕ್ಕೆ 40 ಮಂದಿಗೆ ರೋಗ ಮರಳಲಿಲ್ಲ.

ಇಮಾಟಿನಿಬ್ ಭಾರತದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಇದರ ಒಂದು ಸ್ಫಟಿಕರೂಪಕ್ಕೆ ಸೀಬಾ-ಗೈಗಿಯ ಉತ್ತರಾಧಿಕಾರಿ ಕಂಪನಿ ನೋವಾರ್ಟಿಸ್ ಕೇಳಿದ್ದ ಪೇಟೆಂಟನ್ನು ಸರ್ವೋಚ್ಚ ನ್ಯಾಯಾಲಯ 2013ರ ಏಪ್ರಿಲ್ 1ರಂದು, ಪೇಟೆಂಟ್ ಕಾಯ್ದೆಯ 3(ಡಿ) ಕಲಮನ್ನು ಆಧರಿಸಿ ನಿರಾಕರಿಸಿತು. ಆಗ ಕಂಪನಿಯ ಔಷಧಕ್ಕೆ ತಿಂಗಳಿಗೆ ಒಂದು ಲಕ್ಷ ರೂಪಾಯಿಗೂ ಮೇಲಿದ್ದರೆ, ಭಾರತೀಯ ಜನರಿಕ್ ಸುಮಾರು ಹತ್ತು ಸಾವಿರಕ್ಕೆ ಸಿಗುತ್ತಿತ್ತು. ಹೆಚ್ಚಿನವರು ಜೀವನಪರ್ಯಂತ ನುಂಗಬೇಕಾದ ಮಾತ್ರೆಯ ವಿಷಯದಲ್ಲಿ ಈ ತೀರ್ಪು ಯಾವ ವೈದ್ಯಕೀಯ ಶೋಧಕ್ಕೂ ಕಡಿಮೆಯದಲ್ಲ.

ತೀವ್ರ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾದ ಉತ್ತರ ಬಂದದ್ದು ಚೀನಾದಿಂದ. ಇದರಲ್ಲಿ ರೋಗಿ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ಸಾಯುವ ಭಯವಿರುತ್ತದೆ. ಹಾರ್ಬಿನ್ನಿನ ಝಾಂಗ್ ಟಿಂಗ್‌ಡಾಂಗ್ 1970ರ ದಶಕದಲ್ಲಿ ಒಂದು ನಾಟಿಮದ್ದನ್ನು ಶೋಧಿಸುತ್ತ, ಅದರಲ್ಲಿ ಕೆಲಸ ಮಾಡುತ್ತಿರುವುದು ಪಾಷಾಣ, ಅಂದರೆ ಆರ್ಸೆನಿಕ್, ಎಂದು ಕಂಡುಕೊಂಡರು. ಶಾಂಘೈನ ವಾಂಗ್ ಝೆನ್‌ಯಿ ತಂಡ ವಿಟಮಿನ್ ‘ಎ’ಯ ಒಂದು ರೂಪವನ್ನು 24 ರೋಗಿಗಳಿಗೆ ಕೊಟ್ಟಿತು. ಅವರಲ್ಲಿ 23 ಮಂದಿ ಅದೊಂದರಿಂದಲೇ ಪೂರ್ಣ ಉಪಶಮನ ಪಡೆದರೆಂದು 1988ರಲ್ಲಿ ವರದಿಯಾಯಿತು. ಬೇರೆ ಕೀಮೋ ಔಷಧಗಳು ಕೋಶವನ್ನು ಕೊಲ್ಲುತ್ತವೆ. ಇದು ಬಲಿಯದೆ ನಿಂತ ಕೋಶವನ್ನು ಬಲಿಯುವಂತೆ ಮಾಡಿ ಅದರ ಆಯುಸ್ಸು ತಾನಾಗಿ ಮುಗಿಯುವಂತೆ ನೋಡಿಕೊಳ್ಳುತ್ತದೆ. ಪಾಷಾಣವನ್ನೂ ಈ ವಿಟಮಿನ್ ರೂಪವನ್ನೂ ಕೂಡಿಸಿದರೆ ಅಪಾಯ ಕಡಿಮೆಯಿರುವ ರೋಗಿಗಳಿಗೆ ಸಾಂಪ್ರದಾಯಿಕ ಕೀಮೋದ ಅಗತ್ಯವೇ ಇಲ್ಲವೆಂದು ಇಟಲಿ-ಜರ್ಮನಿಯ ಅಧ್ಯಯನ 2013ರಲ್ಲಿ ತೋರಿಸಿತು. ಪಾಷಾಣವೊಂದನ್ನೇ ಕೊಟ್ಟು ಕಡಿಮೆ ಖರ್ಚಿನಲ್ಲಿ ಗುಣಪಡಿಸುವ ಅಧ್ಯಯನವನ್ನು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ನಡೆಸಿತು.

ವಯಸ್ಕರ ಇತರ ತೀವ್ರ ಮೈಲಾಯ್ಡ್ ಲ್ಯುಕೇಮಿಯಾಗಳಲ್ಲಿ ಇಂಥ ಗೆಲುವಿಲ್ಲ. ಏಳು ದಿನ ಸೈಟರಬಿನ್, ಮೂರು ದಿನ ಡೌನೊರುಬಿಸಿನ್ ಎಂಬ 1970ರ ದಶಕದ ಕ್ರಮವೇ ಇಂದಿಗೂ ತಳಪಾಯ. ಅದನ್ನು ತಾಳಲಾರದ ವಯೋವೃದ್ಧರಿಗೆ ಕೊಡುವ ಸೌಮ್ಯ ಕೀಮೋಗೆ ವೆನಿಟೊಕ್ಲಾಕ್ಸ್ ಎಂಬ ಮಾತ್ರೆ ಸೇರಿಸಿದಾಗ ಸರಾಸರಿ ಬದುಕು ಹತ್ತು ತಿಂಗಳ ಆಸುಪಾಸಿನಿಂದ ಹದಿನೈದಕ್ಕೆ ಏರಿತು, ಅಷ್ಟೆ. ಮೈಲೋಮಾದಲ್ಲಿ ಅಚ್ಚರಿಯ ತಿರುವು ಥ್ಯಾಲಿಡೊಮೈಡ್‌ನದು. ಗರ್ಭದ ಶಿಶುಗಳ ಅಂಗಗಳನ್ನು ಊನಗೊಳಿಸಿ 1961ರಲ್ಲಿ ಕುಖ್ಯಾತವಾದ ಈ ನಿದ್ರೆಮಾತ್ರೆ, ಬೇರೆ ಮದ್ದು ನಾಟದ ಮೈಲೋಮಾ ರೋಗಿಗಳಲ್ಲಿ ಮೂರನೇ ಒಂದು ಭಾಗಕ್ಕೆ ಉಪಕರಿಸಿತೆಂದು 1999ರಲ್ಲಿ ಅಮೆರಿಕದ ಆರ್ಕನ್ಸಾದಿಂದ ವರದಿ ಬಂತು.

ಮಜ್ಜೆ ಕಸಿ ಮತ್ತು ಕಾರ್-ಟಿ

ಇ. ಡೊನಾಲ್ ಥಾಮಸ್ 1957ರಲ್ಲಿ ಮನುಷ್ಯರಲ್ಲಿ ಅಸ್ಥಿಮಜ್ಜೆ ಕಸಿಯ ಮೊದಲ ಯತ್ನಗಳನ್ನು ಪ್ರಕಟಿಸಿದರು. 1990ರಲ್ಲಿ ಅವರಿಗೆ ನೊಬೆಲ್ ಬಂತು. ಭಾರತದ ಮೊದಲ ಕಸಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆಯಿತು. ಒಡಹುಟ್ಟಿದವರಲ್ಲಿ ಮಜ್ಜೆ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದದಿದ್ದಾಗ ನೆಂಟರಲ್ಲದ ದಾನಿಗಳನ್ನು ಹುಡುಕುವ ನೋಂದಣಿಗಳಿವೆ. ತಂದೆ ಅಥವಾ ತಾಯಿಯ ಅರೆಹೊಂದಿಕೆಯ ಮಜ್ಜೆಯನ್ನು ಕಸಿ ಮಾಡಿ, ಆಮೇಲೆ ಸೈಕ್ಲೊಫಾಸ್ಫಮೈಡ್ ಕೊಟ್ಟು ಕಸಿಗೂ ದೇಹಕ್ಕೂ ನಡುವಿನ ಒಳಜಗಳ ತಣಿಸುವ ವಿಧಾನವೂ ಈಗ ಬಳಕೆಯಲ್ಲಿದೆ. ಕಸಿಯಾದ ಮಜ್ಜೆಯ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳು ಉಳಿದ ಲ್ಯುಕೇಮಿಯಾ ಕೋಶಗಳನ್ನು ಹುಡುಕಿ ಕೊಲ್ಲುತ್ತವೆಂದು ತಿಳಿದದ್ದು ಮುಂದಿನ ಶೋಧಕ್ಕೆ ದಾರಿಯಾಯಿತು.

ಕಾರ್-ಟಿ ವಿಧಾನದಲ್ಲಿ ರೋಗಿಯ ಟಿ-ಕೋಶಗಳನ್ನು ಹೊರತೆಗೆದು, ನಿರುಪದ್ರವಿಯಾಗಿಸಿದ ವೈರಸ್ ಮೂಲಕ ಹೊಸ ಜೀನ್ ಸೇರಿಸಿ, ಬೆಳೆಸಿ, ಮರಳಿ ರಕ್ತಕ್ಕೆ ಬಿಡುತ್ತಾರೆ. ಲ್ಯುಕೇಮಿಯಾದವೂ ಸೇರಿದಂತೆ ಬಿ-ಕೋಶಗಳ ಮೇಲಿನ ಸಿಡಿ19 ಎಂಬ ಗುರುತನ್ನು ಕಂಡಲ್ಲಿ ಅವು ಎರಗುತ್ತವೆ. ಇಸ್ರೇಲಿನ ಝೆಲಿಗ್ ಎಶ್ಹಾರ್ 1980ರ ದಶಕದ ಕೊನೆಯಲ್ಲಿ ಈ ಕಲ್ಪನೆಗೆ ರೂಪ ಕೊಟ್ಟವರು. 2012ರಲ್ಲಿ ಕಾರ್ಲ್ ಜೂನ್ ಮತ್ತು ಸಂಗಡಿಗರು ಫಿಲಡೆಲ್ಫಿಯಾದಲ್ಲಿ ಒಬ್ಬ ಪುಟ್ಟ ಬಾಲಕಿಗೆ ಈ ಕೋಶಗಳನ್ನು ಕೊಟ್ಟಾಗ ಜ್ವರವೇರಿ ಆಕೆ ಸಾವಿನಂಚಿಗೆ ಹೋದಳು. ಪರೀಕ್ಷೆಯಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಪ್ರೋಟೀನ್ ವಿಪರೀತ ಏರಿತ್ತು. ಜೂನ್ ಅವರ ಮಗಳಿಗೆ ಸಂಧಿವಾತವಿದ್ದುದರಿಂದ, ಆ ಪ್ರೋಟೀನನ್ನು ತಡೆಯುವ ಟೊಸಿಲಿಜುಮ್ಯಾಬ್ ಎಂಬ ಸಂಧಿವಾತದ ಔಷಧ ಅವರಿಗೆ ಗೊತ್ತಿತ್ತು. ಅದನ್ನು ಕೊಟ್ಟ ಮೇಲೆ ಹುಡುಗಿ ಚೇತರಿಸಿಕೊಂಡಳು, ಲ್ಯುಕೇಮಿಯಾವೂ ಮಾಯವಾಯಿತು. 2017ರಲ್ಲಿ ಅನುಮತಿ ಪಡೆದಾಗ ಈ ಚಿಕಿತ್ಸೆಯ ಬೆಲೆ 4,75,000 ಡಾಲರ್. ಎಲ್ಲರಿಗೂ ಇದು ಫಲಿಸುವುದಿಲ್ಲ. ಸಿಡಿ19 ಗುರುತನ್ನೇ ಕಳಚಿಕೊಂಡ ಕೋಶಗಳಿಂದ ರೋಗ ಮರಳುವುದುಂಟು.

ಭಾರತದಲ್ಲಿ ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ತಂಡ ಟಾಟಾ ಸ್ಮಾರಕ ಕೇಂದ್ರದೊಂದಿಗೆ ರೂಪಿಸಿದ ನೆಕ್ಸ್‌ಕಾರ್19, 2023ರಲ್ಲಿ ಅನುಮತಿ ಪಡೆದು 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ಇದರ ಬೆಲೆ ಅಮೆರಿಕದಲ್ಲಿರುವುದರ ಸುಮಾರು ಹತ್ತನೇ ಒಂದು ಭಾಗ. ಬೆಂಗಳೂರಿನ ಇಮ್ಯುನೀಲ್ ಕಂಪನಿ ಬಾರ್ಸಿಲೋನಾದ ಆಸ್ಪತ್ರೆಯೊಂದರ ತಂತ್ರಜ್ಞಾನ ಪಡೆದು ಕಾರ್ಟೆಮಿ ಎಂಬ ಇನ್ನೊಂದು ಕಾರ್-ಟಿಯನ್ನು 2025ರ ಜನವರಿಯಲ್ಲಿ ಹೊರತಂದಿತು. ಹತ್ತನೇ ಒಂದು ಭಾಗವೆಂದರೂ ಅದು ಹತ್ತಾರು ಲಕ್ಷ ರೂಪಾಯಿಯ ಮಾತು.

ಭಾರತದ ಮಟ್ಟಿಗೆ ಇನ್ನೂ ತುರ್ತಾದ ಸಂಶೋಧನೆ ಹಳೆಯ ಔಷಧಗಳ ಸುತ್ತಲೇ ಇದೆ. ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆ ಎರಡರಿಂದ ಮೂರು ವರ್ಷ ಹಿಡಿಯುತ್ತದೆ. ಇಲ್ಲಿ ರೋಗ ಮರುಕಳಿಸುವುದರ ಜೊತೆಗೆ, ಕೀಮೋ ನಡುವೆ ತಗಲುವ ಸೋಂಕು ಮತ್ತು ಖರ್ಚು-ದೂರಗಳ ಭಾರಕ್ಕೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವುದು ಸಾವಿಗೆ ದೊಡ್ಡ ಕಾರಣಗಳು. 1980ರ ದಶಕದಲ್ಲಿ ಅಮೆರಿಕದ ಕ್ಯಾನ್ಸರ್ ಸಂಸ್ಥೆಯ ಸಹಯೋಗದಲ್ಲಿ ರೂಪಿಸಿದ ಎಂಸಿಪಿ-841 ಎಂಬ ಚಿಕಿತ್ಸಾಕ್ರಮವನ್ನು ಮುಂಬಯಿ, ದೆಹಲಿ, ಚೆನ್ನೈಗಳ ಕೇಂದ್ರಗಳು ಬಳಸಿದವು. ದೇಶದ ಹಲವು ಆಸ್ಪತ್ರೆಗಳು ಸೇರಿ ಕಟ್ಟಿಕೊಂಡ ಐಸಿಕಲ್ ಎಂಬ ಗುಂಪು, ಮಗುವಿನ ಅಪಾಯದ ಮಟ್ಟಕ್ಕೆ ತಕ್ಕಂತೆ ಕೀಮೋದ ತೀವ್ರತೆಯನ್ನು ಹೊಂದಿಸಿ, ಗುಣದ ಪ್ರಮಾಣ ಕುಗ್ಗದಂತೆ ಮದ್ದಿನ ವಿಷವನ್ನು ಎಷ್ಟು ತಗ್ಗಿಸಬಹುದೆಂದು ಅಧ್ಯಯನ ನಡೆಸಿದೆ.