ಹೆನ್‌ಸ್ಲೋ ಜೊತೆ ನಡೆಯೋ ಹುಡುಗ

ಮೊನ್ನೆ ಭಾನುವಾರ ಊರಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. ನೀಟ್‌ನಲ್ಲಿ ಸೀಟು ಸಿಗುವಷ್ಟು ರ‍್ಯಾಂಕ್ ಬಂದಿಲ್ಲ, ಬಿಎಸ್ಸಿಗೆ ಅರ್ಜಿ ಹಾಕಬೇಕು. "ಮಾಮಾ, ಬಾಟನಿ ತಗೊಳ್ಲಾ, ಬಯೋಟೆಕ್ನಾಲಜಿ ತಗೊಳ್ಲಾ? ಯಾವುದಕ್ಕೆ ಸ್ಕೋಪ್ ಇದೆ? ಮಾರ್ಕ್ಸ್ ಕಮ್ಮಿ ಬಂದ್ರೆ ಎಮ್ಮೆಸ್ಸಿ ಸಿಗುತ್ತಾ?" ಸಂಜೆ ಮಾಡ್ತೀನಿ ಅಂತ ಹೇಳಿ ಫೋನ್ ಇಟ್ಟೆ.

ನಾನು ಬಿಇ ಓದಿದವನು. ಪಿಯುಸಿಯಲ್ಲಿ ಪಿಸಿಎಂಬಿ ಇತ್ತು. ದಾಸವಾಳವನ್ನು ಬ್ಲೇಡಲ್ಲಿ ಸೀಳಿ ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬಿಡಿಸೋದು ಅಂದ್ರೆ ಪ್ರಾಣ. ಸಿಇಟಿ ರ‍್ಯಾಂಕ್ ಬಂದ ದಿನ ನಮ್ಮ ಮನೆ ಜಗುಲಿ ಮೇಲೆ ಕೂತ ದೊಡ್ಡವರು ಹತ್ತೇ ನಿಮಿಷದಲ್ಲಿ ಕಂಪ್ಯೂಟರ್ ಸೈನ್ಸ್ ಅಂತ ತೀರ್ಮಾನ ಮಾಡಿದರು. ಅವರಲ್ಲಿ ಒಬ್ಬರೂ ಆ ರೆಕಾರ್ಡ್ ನೋಡಿರಲಿಲ್ಲ. ದೂರುತ್ತಿಲ್ಲ, ಅದರಿಂದಲೇ ಇಎಂಐ ಕಟ್ಟುತ್ತಿದ್ದೇನೆ. ಆದರೆ ಹುಡುಗಿಯ ಪ್ರಶ್ನೆ ಕೇಳಿದಾಗ ನೆನಪಾಗಿದ್ದು ಜಗುಲಿಯವರಲ್ಲ, ಸುಮಾರು ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿದ್ದ ಒಬ್ಬ ಬಾಟನಿ ಮೇಷ್ಟ್ರು.

ಅವರ ಶಿಷ್ಯನ ಹೆಸರು ಚಾರ್ಲ್ಸ್ ಡಾರ್ವಿನ್. ಪಠ್ಯಪುಸ್ತಕದ ಬಿಳಿಗಡ್ಡದ ತಾತನನ್ನು ಸ್ವಲ್ಪ ಮರೆತುಬಿಡಿ. 1825ರಲ್ಲಿ ಇವನಿಗೆ 16 ವರ್ಷ. ಅಪ್ಪ ಡಾಕ್ಟರು, ಮಗನೂ ಡಾಕ್ಟರಾಗಲಿ ಅಂತ ಎಡಿನ್‌ಬರೋಗೆ ಕಳಿಸಿದರು. ಅರಿವಳಿಕೆ ಇನ್ನೂ ಬಂದಿರದ ಕಾಲ. ಒಂದು ಮಗುವಿನ ಆಪರೇಷನ್ ನೋಡಲಾಗದೆ ಹುಡುಗ ಎದ್ದು ಓಡಿದ. ಭೂವಿಜ್ಞಾನದ ಪಾಠವಂತೂ ಎಷ್ಟು ಬೋರ್ ಹೊಡೆಸಿತೆಂದರೆ, ಜನ್ಮದಲ್ಲಿ ಆ ವಿಷಯ ಓದಲ್ಲ ಅಂತ ಶಪಥ ಮಾಡಿದ. ಎರಡು ವರ್ಷಕ್ಕೆ ಕೋರ್ಸ್ ಬಿಟ್ಟ. ಇವತ್ತಿನ ಭಾಷೆಯಲ್ಲಿ ಡ್ರಾಪೌಟ್. ಸರಿ, ಪಾದ್ರಿಯಾದರೂ ಆಗಲಿ ಅಂದ ಅಪ್ಪ, 1828ರಲ್ಲಿ ಕೇಂಬ್ರಿಡ್ಜಿಗೆ ಹಾಕಿದರು.

ಅಲ್ಲಿ ಸಿಕ್ಕಿದ್ದು ಜಾನ್ ಸ್ಟೀವನ್ಸ್ ಹೆನ್‌ಸ್ಲೋ, ಇನ್ನೂ ಮೂವತ್ತರ ಆಸುಪಾಸಿನ ಸಸ್ಯಶಾಸ್ತ್ರದ ಪ್ರೊಫೆಸರ್. ಇಲ್ಲೊಂದು ವಿಷಯ ಹೇಳಲೇಬೇಕು. ಆಗ ಕೇಂಬ್ರಿಡ್ಜಿನಲ್ಲಿ ಬಯಾಲಜಿಗೆ ಡಿಗ್ರಿಯೇ ಇರಲಿಲ್ಲ. ನೈಸರ್ಗಿಕ ವಿಜ್ಞಾನಗಳ ಪದವಿ ಪರೀಕ್ಷೆಯ ಏರ್ಪಾಡು ಬಂದಿದ್ದು 1848ರಲ್ಲಿ. ಹೆನ್‌ಸ್ಲೋ ಕ್ಲಾಸಿಗೆ ಕೂತರೆ ಡಿಗ್ರಿಗೆ ಒಂದು ಮಾರ್ಕೂ ಸೇರುತ್ತಿರಲಿಲ್ಲ. ಸ್ಕೋಪ್ ಸೊನ್ನೆ. ಆದರೂ ಡಾರ್ವಿನ್ ಆ ಉಪನ್ಯಾಸಗಳಿಗೆ ವರ್ಷವರ್ಷವೂ ಹೋದ. ಹೆನ್‌ಸ್ಲೋ ವಿದ್ಯಾರ್ಥಿಗಳನ್ನು ನಡೆಸಿಕೊಂಡು, ಕೋಚ್ ಗಾಡಿಯಲ್ಲಿ, ದೋಣಿಯಲ್ಲಿ ಊರಾಚೆಗೆ ಕರೆದುಕೊಂಡು ಹೋಗಿ ಗಿಡ, ಹುಳು ತೋರಿಸುತ್ತಿದ್ದರು. ವಾರಕ್ಕೊಮ್ಮೆ ಸಂಜೆ ಅವರ ಮನೆ ಬಾಗಿಲು ಹುಡುಗರಿಗೂ ದೊಡ್ಡ ವಿದ್ವಾಂಸರಿಗೂ ತೆರೆದಿರುತ್ತಿತ್ತು. ಕೊನೆಕೊನೆಗೆ ಹೆಚ್ಚಿನ ದಿನ ವಾಕಿಂಗಿಗೆ ಡಾರ್ವಿನ್ ಜೊತೆಗಿರುತ್ತಿದ್ದ. ಉಳಿದ ಮೇಷ್ಟ್ರುಗಳು ಅವನನ್ನು ಗುರುತಿಸುತ್ತಿದ್ದಿದ್ದೇ ಹಾಗೆ: ಹೆನ್‌ಸ್ಲೋ ಜೊತೆ ನಡೆಯೋ ಹುಡುಗ.

ಡಾರ್ವಿನ್ ಮುದಿ ವಯಸ್ಸಿನಲ್ಲಿ ನೆನಪಿಸಿಕೊಂಡ ಒಂದು ಸಣ್ಣ ಪ್ರಸಂಗ ನನಗೆ ಬಹಳ ಇಷ್ಟ. ಒಂದು ದಿನ ಒದ್ದೆ ಜಾಗದಲ್ಲಿದ್ದ ಪರಾಗದ ಕಣಗಳಿಂದ ಎಳೆ ಕೊಳವೆಗಳು ಹೊರಗೆ ಚಾಚಿದ್ದು ಅವನ ಕಣ್ಣಿಗೆ ಬಿತ್ತು. ಲೋಕದಲ್ಲಿ ಯಾರೂ ಕಾಣದ್ದನ್ನು ಕಂಡೆ ಅಂತ ಹೆನ್‌ಸ್ಲೋ ಮನೆಗೆ ಓಡಿದ. ಅದು ಸಸ್ಯಶಾಸ್ತ್ರ ಗೊತ್ತಿದ್ದವರಿಗೆಲ್ಲ ಗೊತ್ತಿದ್ದ ಸಂಗತಿ. ಬೇರೆ ಯಾರೇ ಆಗಿದ್ದರೂ ನಕ್ಕುಬಿಡುತ್ತಿದ್ದರು. ಹೆನ್‌ಸ್ಲೋ ಮಾತ್ರ, ಹೌದು, ಸೊಗಸಾದ ವಿಷಯ ಅಂತ ಒಪ್ಪಿ, ಆ ಕೊಳವೆಯ ಅರ್ಥವೇನು ಅಂತ ವಿವರಿಸಿ, ಇದು ಹಳೇ ಸುದ್ದಿ ಅನ್ನೋದನ್ನೂ ಸ್ಪಷ್ಟವಾಗಿ ತಿಳಿಸಿದರು. ಹುಡುಗ ಅವಮಾನವಾಗದೆ, ತಾನಾಗಿ ಕಂಡುಹಿಡಿದ ಖುಷಿಯಲ್ಲೇ ವಾಪಸ್ ಹೋದ. ಇನ್ಮೇಲೆ ಇಷ್ಟು ಅವಸರದಲ್ಲಿ ಓಡಿ ಬರಬಾರದು ಅಂತಲೂ ಅಂದುಕೊಂಡ. ಆಫೀಸಿನಲ್ಲಿ ಫ್ರೆಶರ್‌ಗಳ ಕೋಡ್ ರಿವ್ಯೂ ಮಾಡುವಾಗ ನನಗೆ ಇದು ಒಂದು ಸಲವೂ ಸರಿಯಾಗಿ ಸಾಧ್ಯವಾಗಿಲ್ಲ.

1831ರ ಜನವರಿಯಲ್ಲಿ ಡಾರ್ವಿನ್ ಪಾಸಾದ, ಸಾಮಾನ್ಯ ದರ್ಜೆಯವರ ಪಟ್ಟಿಯಲ್ಲಿ 10ನೆಯವನಾಗಿ. ನಿಯಮದ ಪ್ರಕಾರ ಇನ್ನೂ ಎರಡು ಟರ್ಮ್ ಕೇಂಬ್ರಿಡ್ಜಿನಲ್ಲೇ ಕಳೆಯಬೇಕಿತ್ತು. ಆಗ ಹೆನ್‌ಸ್ಲೋ, ಭೂವಿಜ್ಞಾನ ಕಲಿ ಅಂದರು. ಶಪಥ ಮಾಡಿ ಬಿಟ್ಟಿದ್ದ ಅದೇ ವಿಷಯ! ಈ ಸಲ ತರಗತಿಯಲ್ಲಲ್ಲ. ಆಡಮ್ ಸೆಜ್‌ವಿಕ್ ಎಂಬ ಪ್ರೊಫೆಸರ್ ಜೊತೆ ಆಗಸ್ಟಿನಲ್ಲಿ ವೇಲ್ಸ್ ಬೆಟ್ಟಗಳಲ್ಲಿ, ಸುತ್ತಿಗೆ ಹಿಡಿದು.

ವಾಪಸ್ ಮನೆಗೆ ಬಂದಾಗ ಪತ್ರ ಕಾದಿತ್ತು. ಬೀಗಲ್ ಹಡಗಿನ ಕ್ಯಾಪ್ಟನ್‌ಗೆ ಪ್ರಕೃತಿಶಾಸ್ತ್ರ ಬಲ್ಲ ಒಬ್ಬ ಜೊತೆಗಾರ ಬೇಕಾಗಿದ್ದ. ಹೆನ್‌ಸ್ಲೋ ಚಿಕ್ಕಂದಿನಿಂದ ಆಫ್ರಿಕಾಕ್ಕೆ ಹೋಗುವ ಕನಸು ಕಂಡವರು. ಈ ಅವಕಾಶಕ್ಕೆ ತಾವೇ ಹೊರಡುವ ಯೋಚನೆ ಮಾಡಿದ್ದರು. ಹೆಂಡತಿಯ ಸಪ್ಪೆ ಮುಖ ನೋಡಿ ಕೈಬಿಟ್ಟರು. ತಮಗೆ ಸಿಗದ್ದನ್ನು ಹುಡುಗನಿಗೆ ದಾಟಿಸಿದರು, ಅದೂ ಸುಳ್ಳು ಹೊಗಳಿಕೆ ಇಲ್ಲದೆ: ನೀನು ಪೂರ್ತಿ ಪಳಗಿದ ಪ್ರಕೃತಿಶಾಸ್ತ್ರಜ್ಞ ಅಂತ ನಾನು ತಿಳಿದಿಲ್ಲ, ಆದರೆ ಸಂಗ್ರಹಿಸೋಕೆ, ಗಮನಿಸೋಕೆ, ಬರೆದಿಡೋಕೆ ಧಾರಾಳವಾಗಿ ಸಾಕು ಅನ್ನೋ ಅರ್ಥದ ಮಾತು. ಅಪ್ಪ ಒಪ್ಪಲಿಲ್ಲ. ಸೋದರಮಾವ ಜೋಸಾಯ ವೆಜ್‌ವುಡ್ ಆಕ್ಷೇಪಗಳಿಗೆಲ್ಲ ಒಂದೊಂದಾಗಿ ಉತ್ತರ ಬರೆದು ಒಪ್ಪಿಸಿದರು. (ಮಾವಂದಿರು ಇರೋದೇ ಇದಕ್ಕೆ.) ಸಂಬಳ ಇಲ್ಲದ ಕೆಲಸ, ಖರ್ಚೆಲ್ಲ ಅಪ್ಪನದು. ಅಪ್ಪನ ಬಳಿ ದುಡ್ಡಿತ್ತು ಅನ್ನೋದನ್ನು ಮುಚ್ಚಿಟ್ಟು ಈ ಕಥೆ ಹೇಳಬಾರದು. ನಮ್ಮ ಹುಡುಗಿಗೆ ಹಾಸ್ಟೆಲ್ ಫೀಸಿನ ಲೆಕ್ಕವೂ ಇದೆ.

1831ರ ಡಿಸೆಂಬರ್ 27ಕ್ಕೆ ಹಡಗು ಹೊರಟ ಮೇಲೂ ಸಲಹೆ ನಿಲ್ಲಲಿಲ್ಲ. ಡಾರ್ವಿನ್ ಕಳಿಸಿದ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಜೋಪಾನ ಮಾಡಿದ್ದು ಹೆನ್‌ಸ್ಲೋ. ಗಿಡ ಕಳಿಸಿದರೆ ಬೇರು, ಎಲೆ, ಹೂವು ಮೂರೂ ಇರಲಿ ಅಂತ ತಿದ್ದಿದರು. ಒಂದು ಮಾದರಿ ಬರೀ ಮಸಿಯ ಮುದ್ದೆಯಾಗಿ ತಲುಪಿತ್ತು. ಏನಪ್ಪಾ ಇದು ಅಂತ ತಮಾಷೆ ಮಾಡಿದರು. ಹೊರಡುವ ಮುಂಚೆಯೇ ಲಯೆಲ್ ಬರೆದ ಭೂವಿಜ್ಞಾನದ ಪುಸ್ತಕ ಓದು, ಆದರೆ ಅವನ ವಾದ ಒಪ್ಪಬೇಡ ಅಂದಿದ್ದರು. ಶಿಷ್ಯ ಓದಿದ, ಒಪ್ಪಿಯೂ ಒಪ್ಪಿದ. 1859ರಲ್ಲಿ ಅದೇ ಶಿಷ್ಯನ ವಿಕಾಸವಾದದ ಪುಸ್ತಕ ಬಂದಾಗ ಪಾದ್ರಿಯೂ ಆಗಿದ್ದ ಹೆನ್‌ಸ್ಲೋಗೆ ಅದನ್ನು ಪೂರ್ತಿ ಒಪ್ಪಲಾಗಲಿಲ್ಲ. ಆದರೂ 1860ರಲ್ಲಿ ಆಕ್ಸ್‌ಫರ್ಡಿನಲ್ಲಿ ಅದರ ಮೇಲೆ ಜಟಾಪಟಿ ನಡೆದ ಆ ಪ್ರಸಿದ್ಧ ಸಭೆಯ ಅಧ್ಯಕ್ಷತೆ ವಹಿಸಿ ಕೂತಿದ್ದು ಅವರೇ. ಮರುವರ್ಷ ತೀರಿಕೊಂಡರು.

ಸಂಜೆ ಹುಡುಗಿಗೆ ಫೋನ್ ಮಾಡಿದೆ. ಸ್ಕೋಪ್ ವಿಷಯ ನಂಗೆ ಗೊತ್ತಿಲ್ಲ ಕಣೇ ಅಂದೆ. ಪರೀಕ್ಷೆಗೆ ಬರದಿದ್ರೂ ನೀನು ನಿಂತು ನೋಡೋದು ಏನನ್ನ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾವಿಕಟ್ಟೆ ಪಾಚಿ. ಬೇಸಿಗೇಲಿ ಸತ್ತೇ ಹೋಗಿರುತ್ತೆ, ಒಂದು ಮಳೆಗೆ ಹಸಿರಾಗುತ್ತಲ್ಲ ಮಾಮಾ, ಅದು" ಅಂದಳು. ಬರೋ ಶನಿವಾರ ಊರಿಗೆ ಹೋಗ್ತಿದ್ದೀನಿ. ಅವಳು ನೋಡಿಟ್ಟಿರೋ ಎರಡೂ ಕಾಲೇಜಿಗೆ ಹೋಗಿ, ಬಾಟನಿ ಮೇಷ್ಟ್ರು ಹುಡುಗರನ್ನ ಗುಡ್ಡಕ್ಕೆ ಕರ್ಕೊಂಡು ಹೋಗ್ತಾರಾ ಅಂತ ವಿಚಾರಿಸಬೇಕು.